ಹುಣಸೆ ಮರದ ಮೇಲಿನ ತಂತಿ ನನ್ನದು

ನನ್ನ ಹೆಸರು ಮನ್ಮಥಪ್ಪ ತಂದೆ ಶಿವರಾಜಪ್ಪ, ವಯಸ್ಸು 31 ವರ್ಷ, ಉದ್ಯೋಗ ಒಕ್ಕಲುತನ, ಸಾಕಿನ ಖಟಕ ಚಿಂಚೋಳಿ, ತಾಲ್ಲೂಕು ಭಾಲ್ಕಿ. ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಬಂದು ಬರೆಸುವುದೇನೆಂದರೆ:

ಯುದ್ಧದ ಕಾಲದಲ್ಲಿ ನಾನು ಪಲ್ಟಣದ ವೈರ್‌ಲೆಸ್ ವಿಭಾಗದಲ್ಲಿದ್ದೆನು. 1946ರಲ್ಲಿ ಊರಿಗೆ ಬಂದ ಮೇಲೆ ಹಳೆಯ ಸಾಮಾನುಗಳಿಂದ ಒಂದು ವೈರ್‌ಲೆಸ್ ಪೆಟ್ಟಿಗೆ ಜೋಡಿಸಿದೆನು. ಪರವಾನಗಿ ಇರಲಿಲ್ಲ. ಸೋಲಾಪುರದಲ್ಲಿರುವ ಪಲ್ಟಣದ ಗೆಳೆಯನೊಂದಿಗೆ ಕ್ಷೇಮ ಸಮಾಚಾರ, ಮಳೆ ಬೆಳೆ ಮಾತಾಡುತ್ತಿದ್ದೆನು. ಬೇರೇನೂ ಕಳಿಸಿಲ್ಲ.

ಸದರಿ ಪೆಟ್ಟಿಗೆಗೆ ತಂತಿಯನ್ನು ಎತ್ತರದಲ್ಲಿ ಕಟ್ಟಬೇಕಾಗುತ್ತದೆ. ನೆರೆಮನೆಯ ಮಕ್ಬೂಲ, ವಯಸ್ಸು ಸುಮಾರು 45, ಇವರ ಹಿತ್ತಲಲ್ಲಿ ಅರವತ್ತು ಅಡಿ ಎತ್ತರದ ಎರಡು ಹುಣಸೆ ಮರಗಳಿವೆ. ದಿನಾಂಕ 6-8-1948ರಂದು ಮಧ್ಯಾಹ್ನ 4 ಗಂಟೆಗೆ ನಾನು ಮರ ಹತ್ತಲು ಹೋದಾಗ ಅವರು ತಡೆದು, “ಹತ್ತಿ ಯಾಕ ಬೀಳ್ತಿ? ನನ್ನ ಬಲ್ಲಿ ಕವಣಿ ಅದ” ಎಂದರು. ಜೋಳದ ಹೊಲದಲ್ಲಿ ಹಕ್ಕಿ ಓಡಿಸುವ ಕವಣೆ ಅದು. ಕಲ್ಲಿಗೆ ತೆಳು ದಾರ ಕಟ್ಟಿ ಬೀಸಿದರು. ಮೂರನೆಯ ಕಲ್ಲು ಅವರದೇ ಮನೆಯ ಹಂಚು ಒಡೆಯಿತು. ಅವರು ನಕ್ಕರು. ನಾಲ್ಕನೆಯದು ತುದಿಯ ಕೊಂಬೆ ದಾಟಿ ಆಚೆ ಬಿತ್ತು. ದಾರಕ್ಕೆ ಹಗ್ಗ, ಹಗ್ಗಕ್ಕೆ ತಂತಿ ಕಟ್ಟಿ ಎಳೆದೆವು. ಇನ್ನೊಂದು ಮರಕ್ಕೂ ಹಾಗೆಯೇ ಮಾಡಿದೆವು.

ಪೊಲೀಸ್ ಕಾರ್ಯಾಚರಣೆ ಮುಗಿದ ಹತ್ತನೆಯ ದಿನ, 27-9-1948ರಂದು ಬೆಳಿಗ್ಗೆ ಹತ್ತೂವರೆಗೆ ಆಯುಧ, ಪರವಾನಗಿಯಿಲ್ಲದ ವೈರ್‌ಲೆಸ್ ಹುಡುಕುವ ಶೋಧನೆಯವರು ಊರಿಗೆ ಬಂದರು. ನಾನು ಪೆಟ್ಟಿಗೆಯನ್ನು ನೆಲದಡಿ ಜೋಳ ತುಂಬಿಡುವ ಹಗೇವಿನಲ್ಲಿ ಹುಗಿದೆನು. ತಂತಿ ಎಳೆದೆನು. ಅದು ಕೊಂಬೆಯ ಕವಲಿನಲ್ಲಿ ಸಿಕ್ಕಿಕೊಂಡು ಇಳಿಯಲಿಲ್ಲ. ನನ್ನ ಮನೆಗೆ ಬರುತ್ತಿದ್ದ ತುಂಡು ಮಾತ್ರ ಹರಿದು ಬಂತು.

ಅಧಿಕಾರಿಯು ಮರದ ಕಡೆ ಕೈ ತೋರಿಸಿ ತಂತಿ ಯಾರದೆಂದು ಕೇಳಿದರು. ಮಕ್ಬೂಲರು ನನ್ನಿಂದ ಐದಾರು ಅಡಿ ದೂರದಲ್ಲಿ ನಿಂತಿದ್ದರು. ಅವರದೆಂದು ನಾನು ಹೇಳಿದೆನು. ನನ್ನನ್ನು ಯಾರೂ ಹೊಡೆದಿರಲಿಲ್ಲ, ಹೆದರಿಸಿಯೂ ಇರಲಿಲ್ಲ. ಮಕ್ಬೂಲರು, “ಮನ್ಮಥಪ್ಪ, ಖರೆ ಹೇಳೋ” ಎಂದರು. ನಾನು ನೆಲ ನೋಡಿದೆನು. ಮರದಿಂದ ಇಳಿಬಿದ್ದಿದ್ದ ಹಗ್ಗ ಕತ್ತರಿಸಿ ಅದರಿಂದಲೇ ಅವರ ಕೈ ಕಟ್ಟಿ ಭಾಲ್ಕಿ ಠಾಣೆಗೆ ಒಯ್ದರು.

ಅಂದಿನಿಂದ ನಾನು ಅವರ ಮನೆಯ ಮುಂದೆ ಹಾಯದೆ, ಹೊಲಕ್ಕೆ ಹಿತ್ತಲ ದಾರಿಯಿಂದ ಹೋಗುತ್ತಿದ್ದೆನು.

ನಿನ್ನೆ 10-10-1948ರಂದು ಸಂಜೆ ಮಕ್ಬೂಲರ ಹೆಂಡತಿ ಅನ್ವರಿ ಬೇಗಂ ನನ್ನ ಮನೆಗೆ ಬಂದು ಗಂಡನ ಬಿಡುಗಡೆಗಾಗಿ ಅರ್ಜಿ ಬರೆದುಕೊಡಲು ಕೇಳಿದರು. ಒಳಗೆ ಬರಲಿಲ್ಲ. “ಅಣ್ಣಾ, ನಿಮ್ಮ ಹೆಸರು ಬ್ಯಾಡ್ರಿ. ತಂತಿ ಯಾರ್ದೋ ಗೊತ್ತಿಲ್ಲ ಅಂತ ಬರೀರಿ. ನಿಮಗೂ ಮಕ್ಕಳವ. ಅವರು ಮನಿಗಿ ಬಂದ್ರ ಸಾಕು” ಎಂದರು. ನಾನು ಕಾಗದ ತಂದು ಕುಳಿತೆನು. “ಭಾಲ್ಕಿ ಠಾಣೆಗೆ” ಎಂದು ಬರೆದ ಮೇಲೆ ಮುಂದೆ ಬರೆಯಲು ಆಗಲಿಲ್ಲ. ನಾಳೆ ನಾನೇ ಹೋಗುತ್ತೇನೆಂದು ಹೇಳಿದೆನು. ಅವರು ನಂಬಿದಂತೆ ಕಾಣಲಿಲ್ಲ.

ಇಂದು ನಸುಕಿನಲ್ಲಿ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ನಡೆದು, ಹನ್ನೊಂದು ಗಂಟೆಗೆ ಠಾಣೆಗೆ ತಲುಪಿ ಹಾಜರುಪಡಿಸಿದ್ದೇನೆ. ನನ್ನ ಕೋರಿಕೆಯಂತೆ ಠಾಣೆಯ ಅಧಿಕಾರಿ ಅಮೀನ ಸಾಹೇಬರು ಮಕ್ಬೂಲರನ್ನು ಲಾಕಪ್ಪಿನಿಂದ ಹೊರಗೆ ಕರೆಸಿ, ಇಲ್ಲಿಯವರೆಗೆ ಬರೆದುದನ್ನು ಅವರ ಮುಂದೆ ಓದಿಸಿದರು. ಅವರು ಪೂರ್ತಿ ಕೇಳಿ, ಸಾಹೇಬರ ಕಡೆ ತಿರುಗಿ, “ಹಂಗಾದ್ರ ನಾ ಮನಿಗಿ ಹೋಗ್ಲೇನ್ರಿ?” ಎಂದರು. ಸಾಹೇಬರು ಹೋಗಬಹುದೆಂದರು. ನನ್ನ ಕಡೆ ನೋಡದೆ ಮೆಟ್ಟಿಲು ಇಳಿದು ಹೋದರು.

ಇದರಲ್ಲಿ ಬರೆದದ್ದೆಲ್ಲ ನಾನು ಹೇಳಿದಂತೆಯೇ ಇದೆ, ನಿಜವಾಗಿದೆ. ತಪ್ಪು ನನ್ನೊಬ್ಬನದು.

ಸ್ಥಳ: ಭಾಲ್ಕಿ
ದಿನಾಂಕ: 11-10-1948
ಸಹಿ: ಮನ್ಮಥಪ್ಪ