ಗೋಡೆಯ ಮೇಲಿನ ಎಣ್ಣೆ ಗುರುತು

ಅಧ್ಯಕ್ಷ ಪೀಠದಲ್ಲಿರುವ ಅಮಲ್ದಾರ್ ಸಾಹೇಬರೇ, ನಮ್ಮ ಡಾಕ್ಟರು ನಂಜುಂಡಸ್ವಾಮಿಯವರೇ, ಪುರಸಭೆಯ ಮಹನೀಯರೇ, ಕುರ್ಚಿ ಸಾಲದೆ ಕಿಟಕಿಯ ಹತ್ತಿರ ನಿಂತಿರುವ ತಾಯಂದಿರೇ, ಹುಣಸೂರಿನ ಸಮಸ್ತ ಸಭಿಕರೇ,

ಹದಿನೇಳು ವರ್ಷ ಈ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸಿದ್ದೇನೆಯೇ ಹೊರತು ಒಂದು ದಿನವೂ ಭಾಷಣ ಮಾಡಿದವಳಲ್ಲ. ಹೆರಿಗೆಯಲ್ಲಾದರೆ ಇನ್ನೊಬ್ಬರು ನೋವು ತಿನ್ನುತ್ತಾರೆ, ನಾನು ಪಕ್ಕದಲ್ಲಿ ಕೂತು ಧೈರ್ಯ ಹೇಳುತ್ತೇನೆ. ಈ ಹೊತ್ತು ನೋವು ತಿನ್ನುವ ಸರದಿ ನನ್ನದು. ಧೈರ್ಯ ಹೇಳುವುದು ನಿಮ್ಮ ಕೆಲಸ.

ಮೈಸೂರಿನ ದೊಡ್ಡಾಸ್ಪತ್ರೆಗೆ ಹೊರಟಿರುವ ನನಗೆ ಇದು ಬೀಳ್ಕೊಡುಗೆ. ಈ ವರ್ಷ ಪರೀಕ್ಷೆಯಲ್ಲಿ ತೇರ್ಗಡೆಯಾದ ಸುನಂದಮ್ಮ ಮತ್ತು ಅವಳ ಇಬ್ಬರು ಗೆಳತಿಯರೂ ಮುಂದಿನ ಸಾಲಿನಲ್ಲಿದ್ದಾರೆ. ಡಾಕ್ಟರು ಅಪ್ಪಣೆ ಮಾಡಿದರು: "ಸೋಮಮ್ಮ, ಹೊಸ ಆಸ್ಪತ್ರೆ ಆರಿಸಿಕೊಳ್ಳುವಾಗ ನರ್ಸುಗಳು ಏನೇನು ನೋಡಬೇಕು, ಈ ಹುಡುಗಿಯರಿಗೆ ಹೇಳಿಬಿಡಿ."

ಹೇಳುತ್ತೇನೆ. ನಿಮಗೆ ಕೊಡುವ ಮನೆಯ ಬಾಗಿಲಿಗೆ ಒಳಗಿನಿಂದ ಅಗುಳಿ ಇದೆಯೇ? ಕುಡಿಯುವ ನೀರು ಯಾವ ಬಾವಿಯದು, ಆ ಬಾವಿಗೆ ನಿಮ್ಮ ಕೊಡ ಇಳಿಸಲು ಬಿಡುತ್ತಾರೆಯೇ? ನಾನು ಕಟ್ಟೆಮಳಲವಾಡಿಯ ಕೂಲಿಯವರ ಮಗಳು, ನನಗೆ ಇದು ಸಣ್ಣ ಪ್ರಶ್ನೆಯಲ್ಲ. ಬಿಸಿನೀರು ಕಾಯಿಸಲು ಸೌದೆ ಒಡೆದು ಕೊಡುವವರು ಯಾರು? ಡಾಕ್ಟರು ಕೋಪಿಷ್ಠರೇ? ಕೋಪ ಇದ್ದರೆ ಇರಲಿ, ಕರೆದಾಗ ಬರುತ್ತಾರೆಯೇ ನೋಡಿ. ನಮ್ಮ ಡಾಕ್ಟರು ನಗುತ್ತಿದ್ದಾರೆ. ಅವರಿಗೆ ಕೋಪವೂ ಉಂಟು, ಕರೆದಾಗ ಬರುವ ಗುಣವೂ ಉಂಟು.

ಇಷ್ಟೇ ಆಗಿದ್ದರೆ ಕಾಗದದಲ್ಲಿ ಬರೆದುಕೊಟ್ಟು ಕೂರುತ್ತಿದ್ದೆ. ಮುಖ್ಯವಾದದ್ದು ಇನ್ನೊಂದಿದೆ. ನೆನ್ನೆ ನಮ್ಮ ಜವಾನ ಸಣ್ಣಬೀರಯ್ಯ ಈ ಸಮಾರಂಭಕ್ಕೆಂದು ಆಸ್ಪತ್ರೆಯ ಜಗಲಿಗೆ ಸುಣ್ಣ ಹೊಡೆದ. ನಾನು ಬೈದೆ. "ಇದೇನ್ರವ್ವಾ, ಸುಣ್ಣ ಒಡುದ್ರೂ ಬೈತೀರಲ್ಲ!" ಅಂತ ಮುಖ ಸಣ್ಣಗೆ ಮಾಡಿಕೊಂಡ. ಪಾಪ, ಅವನಿಗೇನು ಗೊತ್ತು?

ಮಗಳನ್ನೋ ಸೊಸೆಯನ್ನೋ ಒಳಗೆ ಕಳಿಸಿ, ಹೊರಗೆ ಜಗಲಿಯಲ್ಲಿ ಕಾಯುವವರು ಯಾವುದಕ್ಕೆ ತಲೆ ಒರಗಿಸುತ್ತಾರೆ? ಗೋಡೆಗೆ. ಹರಳೆಣ್ಣೆ ಹಚ್ಚಿದ ತಲೆಗಳು. ಕೂತವರ ತಲೆಯ ಎತ್ತರಕ್ಕೆ ಗೋಡೆಯುದ್ದಕ್ಕೂ ಒಂದು ಕಪ್ಪು ಪಟ್ಟಿ ಬಿದ್ದಿರುತ್ತದೆ. ಹುಡುಗಿಯರೇ, ಹೊಸ ಆಸ್ಪತ್ರೆಗೆ ಹೋದಾಗ ಮೊದಲು ಆ ಪಟ್ಟಿಯನ್ನು ಹುಡುಕಿ. ಗೋಡೆ ಬೆಳ್ಳಗಿದ್ದರೆ ಆ ಆಸ್ಪತ್ರೆಗೆ ಜನ ಬರುತ್ತಿಲ್ಲ. ಯಾಕೆ ಬರುತ್ತಿಲ್ಲ ಎಂದು ಕೇಳಿ. ನಾನು ಕೇಳಲಿಲ್ಲ.

ಎಲ್ಲಿ ಅಂದಿರಾ? ಹೆಗ್ಗಡದೇವನಕೋಟೆ ಕಡೆ, ಕಾಡಂಚಿನ ಬಿದಿರಹುಂಡಿಯಲ್ಲಿ. ನನ್ನ ಮೊದಲನೆಯ ಕೆಲಸ. ಹೊಸ ಹೆರಿಗೆ ಮನೆ, ನಾಲ್ಕು ಕಬ್ಬಿಣದ ಮಂಚ. ದಿನಾ ಒರೆಸುತ್ತಿದ್ದೆ, ಮುಖ ಕಾಣುವಷ್ಟು ಹೊಳೆಯುತ್ತಿದ್ದವು. ತನಿಖೆಗೆ ಬಂದ ಸಾಹೇಬರು ಶುಚಿತ್ವವನ್ನು ಮೆಚ್ಚಿ ಸರ್ಟಿಫಿಕೇಟು ಕೊಟ್ಟರು. ಮಲಗುವವರೇ ಇಲ್ಲದ ಮಂಚ ಕೊಳೆಯಾಗುವುದಾದರೂ ಹೇಗೆ, ಹೇಳಿ?

ಆ ಕಡೆಯ ಹೆಂಗಸರು ನೆಲದ ಮೇಲೆ ಕೂತು, ತೊಲೆಗೆ ಕಟ್ಟಿದ ಹಗ್ಗ ಹಿಡಿದು ಹೆರುವವರು. ನನಗೆ ಕಲಿಸಿದ್ದು ಮಂಚ. ಮಂಚ ಹತ್ತದಿದ್ದರೆ ಮುಟ್ಟುವುದಿಲ್ಲ ಎನ್ನುತ್ತಿದ್ದೆ. ಊರವರು ನನಗೆ ಮಂಚದವ್ವ ಎಂದು ಹೆಸರಿಟ್ಟಿದ್ದರು.

ಒಂದು ಬೆಳಿಗ್ಗೆ ಚಿಕ್ಕಬಸಮ್ಮ ಎಂಬ ಹುಡುಗಿ ಗಾಡಿಯಲ್ಲಿ ಬಂದಳು. ಚೊಚ್ಚಲು. ಮಂಚ ನೋಡಿದಳು, ಬಾಗಿಲಲ್ಲೇ ನಿಂತಳು. "ಬೀಳ್ತೀನಿ ಕಣಕ್ಕಾ, ಕೆಳಗೇ ಕೂರ್ತೀನಿ" ಎಂದಳು. ಹತ್ತಿದರೆ ಹತ್ತು, ಇಲ್ಲದಿದ್ದರೆ ಹೋಗು ಎಂದೆ. ಹೋದಳು.

ಮೂರನೆಯ ದಿನ ಅವಳ ಊರಿನ ಸೂಲಗಿತ್ತಿ ಕುಳ್ಳಮ್ಮ ನಡೆದುಕೊಂಡೇ ಬಂದಳು. ಬೈಯಲಿಲ್ಲ. "ಮಗ ಉಳೀತು, ತಾಯಿ ಉಳೀಲಿಲ್ಲ ಕಣವ್ವ. ನನ್ ಕೈಲಿ ಆಗ್ದೆ ಇದ್ದದ್ದು ನಿನ್ ಕೈಲಿ ಆಗೋದು. ಒಂದ್ ಚಾಪೆ ಆಸ್ಬುಟ್ಟಿದ್ರೆ ಸಾಕಾಗಿತ್ತು" ಅಂದಳು. ಅಷ್ಟು ಹೇಳಿ ಜಗಲಿಯಲ್ಲಿ ಕೂತು ಗೋಡೆಗೆ ತಲೆ ಒರಗಿಸಿದಳು. ಆ ವರ್ಷವೆಲ್ಲ ಆ ಗೋಡೆಯ ಮೇಲೆ ಬಿದ್ದದ್ದು ಅದೊಂದೇ ಗುರುತು.

ಜನ ಬರುವುದಿಲ್ಲವೆಂದು ಆ ಹೆರಿಗೆ ಮನೆಯನ್ನು ಮುಚ್ಚಿದರು. ನನ್ನನ್ನು ಇಲ್ಲಿಗೆ ಹಾಕಿದರು. ಬಂದ ವಾರವೇ ಕಾರ್ಬಾಲಿಕ್ ಔಷಧದ ನೀರಿನಲ್ಲಿ ಒಗೆದ ಜಮಖಾನ ಹಾಸಿ, ತೊಲೆಗೆ ಹಗ್ಗ ಕಟ್ಟಿದೆ. ಆಗಿನ ಡಾಕ್ಟರು ಯಾಕೆಂದು ಕೇಳಿದರು. ಜನ ಕೇಳುತ್ತಾರೆ ಅಂದೆ, ಕಾರಣ ಹೇಳಲಿಲ್ಲ. ಈ ತನಕ ಯಾರಿಗೂ ಹೇಳಿರಲಿಲ್ಲ. ಈ ಹೊತ್ತೂ ಹೇಳಬೇಕೆಂದು ಬಂದವಳಲ್ಲ.

ಕ್ಷಮಿಸಿ, ಒಂದು ಲೋಟ ನೀರು.

ಆ ಹೆರಿಗೆ ಮನೆಯನ್ನು ಈಗ ಮತ್ತೆ ತೆರೆಯುತ್ತಾರಂತೆ. ನಾಳೆಯೊಳಗೆ ಒಬ್ಬ ನರ್ಸು ಒಪ್ಪದಿದ್ದರೆ ಅದರ ಮಂಜೂರಾತಿ ಬೇರೆ ತಾಲ್ಲೂಕಿಗೆ ಹೋಗುತ್ತದಂತೆ. ಮೊನ್ನೆ ಡಾಕ್ಟರು ಯಾರು ಹೋಗುತ್ತೀರಿ ಎಂದು ಕೇಳಿದಾಗ ಈ ಮೂವರೂ ನೆಲ ನೋಡಿದರು. ಅವರನ್ನು ಬೈಯಬೇಡಿ. ಕಾಡು, ಚಳಿಜ್ವರ, ಒಂಟಿ ಮನೆ. ಅವರ ಜೊತೆ ನಾನೂ ನೆಲ ನೋಡಿದೆ.

ಡಾಕ್ಟರೇ, ಮೈಸೂರಿನ ಕೆಲಸಕ್ಕೆ ಒಪ್ಪಿಗೆ ಬರೆದ ಕಾಗದ ನನ್ನ ಸೆರಗಿನ ಗಂಟಿನಲ್ಲೇ ಇದೆ. ಸಭೆ ಮುಗಿದ ಮೇಲೆ ನಿಮ್ಮ ಕೈಗೆ ಕೊಡಬೇಕೆಂದಿದ್ದೆ. ಕೊಡುವುದಿಲ್ಲ. ಬಿದಿರಹುಂಡಿಗೆ ನನ್ನ ಹೆಸರು ಬರೆದುಕೊಳ್ಳಿ.

ಸುನಂದಮ್ಮ, ಕಣ್ಣು ಒರೆಸಿಕೊ. ನೀನು ಈಗಲೇ ಬರಬೇಡ. ಮೊದಲು ಅಗುಳಿ, ಬಾವಿ ಎರಡನ್ನೂ ನಾನು ನೋಡಿ ಬರೆಯುತ್ತೇನೆ. ಆಮೇಲೆ ನಿನ್ನ ಇಷ್ಟ.

ಪುರಸಭೆಯವರು ನನಗೆಂದು ಮಾಡಿಸಿರುವ ಉಡುಗೊರೆ ಇಲ್ಲೇ ಪಕ್ಕದಲ್ಲಿದೆ: ಹುಣಸೂರಿನ ಬಡಗಿಗಳು ಬೀಟೆ ಮರದಲ್ಲಿ ಮಾಡಿದ ಮಂಚ! ನಗಬೇಡಿ, ಅವರಿಗೇನು ಗೊತ್ತಿತ್ತು? ಸಂತೋಷದಿಂದ ತೆಗೆದುಕೊಂಡು ಹೋಗುತ್ತೇನೆ. ಅದರ ಮೇಲೆ ಮಲಗುವವಳು ನಾನೊಬ್ಬಳೇ. ಜೊತೆಗೆ ನಾಲ್ಕು ಒಳ್ಳೆಯ ಚಾಪೆ, ಒಂದು ಗಟ್ಟಿ ಹಗ್ಗ ಕೊಟ್ಟರೆ ಉಪಕಾರವಾಗುತ್ತದೆ.

ಬಿದಿರಹುಂಡಿಯ ಗೋಡೆಗೂ ಹೊಸ ಸುಣ್ಣ ಹೊಡೆದಿದ್ದಾರಂತೆ. ಬರುವ ದೀಪಾವಳಿಗೆ ನಿಮ್ಮಲ್ಲಿ ಯಾರಾದರೂ ಆ ಕಡೆ ಬಂದು ನೋಡಿ. ಜಗಲಿಯಲ್ಲಿ ಕಪ್ಪು ಪಟ್ಟಿ ಬಿದ್ದಿದ್ದರೆ ಒಳಗೆ ಬನ್ನಿ, ಕಾಫಿ ಕೊಡುತ್ತೇನೆ. ಇನ್ನೂ ಬೆಳ್ಳಗೇ ಇದ್ದರೆ ಹೊರಗೆ ನಿಂತು, ಕುಳ್ಳಮ್ಮ ಬೈಯದೆ ಉಳಿಸಿದ್ದನ್ನು ನೀವು ಬೈದು ಹೋಗಿ.

ಹದಿನೇಳು ವರ್ಷ ನನ್ನನ್ನು ನಂಬಿ ನಿಮ್ಮ ಹೆಣ್ಣುಮಕ್ಕಳನ್ನು ಒಳಗೆ ಕಳಿಸಿ ಹೊರಗೆ ಕಾದು ಕೂತಿರಿ. ನಿಮ್ಮೆಲ್ಲರ ತಲೆಯ ಎಣ್ಣೆಗೂ ನನ್ನ ವಂದನೆಗಳು. ನಮಸ್ಕಾರ.