ಜಾಲಹಳ್ಳಿ ಕ್ರಾಸಿಗೆ ಮೇಜು ಒಯ್ದ ಜ್ಯೋತಿಲಕ್ಷ್ಮಿ

ಜ್ಯೋತಿಲಕ್ಷ್ಮಿಯವರ ತಂದೆ ಹನುಮಂತರಾಯಪ್ಪನವರೇ, ಮಗಳು ದಿವ್ಯಾ, ನಮ್ಮ ಕಚೇರಿಯ ಗೆಳೆಯರೇ, ಪೀಣ್ಯದಿಂದ, ಅತ್ತಿಬೆಲೆಯಿಂದ ರಜೆ ಹಾಕಿ ಬಂದಿರುವ ಅಕ್ಕಂದಿರೇ, ಅಣ್ಣಂದಿರೇ — ಎಲ್ಲರಿಗೂ ನಮಸ್ಕಾರ.

ನಾನು ಸಂಗಮೇಶ್. ಕಾರ್ಮಿಕರ ನೆರವಿಗೆಂದು ಇರುವ ನಮ್ಮ ಸರ್ಕಾರಿ ಕಚೇರಿಯಲ್ಲಿ ಜ್ಯೋತಿಲಕ್ಷ್ಮಿಯವರ ಪಕ್ಕದ ಕುರ್ಚಿ ನನ್ನದು. ಅವರ ಬಗ್ಗೆ ಮಾತನಾಡಿ ಎಂದಾಗ ನನಗೆ ನೆನಪಾದದ್ದು ಅವರ ‘ಯಾಕೆ?’. ಆ ಒಂದು ಪದ. ಟೀ ತಡವಾದರೂ ಯಾಕೆ, ಕಾರ್ಖಾನೆ ಮುಚ್ಚಿದರೂ ಯಾಕೆ. ದಬಾಯಿಸುವ ದನಿ ಅದಲ್ಲ. ನಿಜವಾಗಿ ತಿಳಿದುಕೊಳ್ಳಬೇಕು ಎನ್ನುವ ದನಿ.

ಹೋದ ವರ್ಷ ವಿದೇಶದ ಆರ್ಡರುಗಳು ನಿಂತು ಪೀಣ್ಯದ ಕಾರ್ಖಾನೆಗಳಲ್ಲಿ ಎಷ್ಟೋ ಜನರ ಕೆಲಸ ಹೋಯಿತು — ನಿಮಗೆ ಗೊತ್ತೇ ಇದೆ. ಅಂಥವರಿಗೆ ಸರ್ಕಾರದ ಯೋಜನೆ ಇದೆ. ಸಂಬಳದಿಂದ ಇಎಸ್‌ಐ ವಿಮೆ ಕಟ್ಟಿದವರಿಗೆ, ಕೆಲಸ ಹೋದರೆ, ಇನ್ನೊಂದು ಸಿಗುವ ತನಕ ಕೆಲಕಾಲ ಸಂಬಳದ ಒಂದು ಭಾಗ ಸಿಗುತ್ತದೆ. ಅದನ್ನು ತಿಳಿಸಲು ಶಿಬಿರ ಮಾಡಿದೆವು. ಬ್ಯಾನರ್ ಕಟ್ಟಿದೆವು, ಕುರ್ಚಿ ಹಾಕಿದೆವು, ದೊಡ್ಡ ಫ್ಲಾಸ್ಕಿನಲ್ಲಿ ಟೀ ತರಿಸಿದೆವು. ಜನ ಬರಲಿಲ್ಲ. ಟೀ ನಾವೇ ಕುಡಿದೆವು.

‘ಅವರಿಗೆ ಬೇಕಾಗಿಲ್ಲ ಬಿಡಿ’ ಎಂದರು ಯಾರೋ. ಜ್ಯೋತಿಲಕ್ಷ್ಮಿ ನನ್ನ ಕಡೆ ತಿರುಗಿ, “ಕೆಲಸ ಹೋದವರಿಗೆ ದುಡ್ಡು ಬೇಡ ಅಂದ್ರೆ — ಹೆಂಗ್ರೀ ಸಂಗಮೇಶ್? ಬನ್ನಿ, ಕೇಳ್ಕೊಂಡ್ ಬರೋಣ” ಎಂದರು.

ಕೇಳಲು ಹೋದೆವು. ಕಾರ್ಖಾನೆಗಳ ಹಿಂದಿನ ಗಲ್ಲಿಗಳಲ್ಲಿ ಸಾಲುಸಾಲು ಬಾಡಿಗೆ ರೂಮುಗಳು, ಅರ್ಧಕ್ಕರ್ಧ ಬೀಗ. ಓನರ್ ಬೈರಮ್ಮ ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. “ಕೆಲ್ಸ ಓದ್ ಮ್ಯಾಕೆ ಬಾಡ್ಗೆ ಎಲ್ಲಿಂದ ಕೊಡ್ತಾರಮ್ಮ? ಊರಿಗ್ ಓದ್ರು. ಸಂಜೆ ಆದ್ರೆ ಜಾಲಹಳ್ಳಿ ಕ್ರಾಸಲ್ಲಿ ಬಸ್ ಇಡೀತಾರೆ. ರೂಮ್ ಖಾಲಿ ಐತೆ — ನಿಮಗ್ ಬೇಕಾ?”

ಇಬ್ಬರೂ ನಕ್ಕೆವು. ಆದರೆ ದಾರಿಯುದ್ದಕ್ಕೂ ಅವರು ಅದನ್ನೇ ಯೋಚಿಸುತ್ತಿದ್ದರು. ಹೊಸ ಕೆಲಸ ಹುಡುಕುವ ತನಕ ಊರುಗೋಲಾಗಲಿ ಎಂದು ಮಾಡಿದ ಯೋಜನೆ. ಹುಡುಕುವ ಮುನ್ನವೇ ಜನ ಬಸ್ ಹತ್ತಿದರೆ ಅದು ತಲುಪುವುದು ಯಾರಿಗೆ?

ಮರುದಿನ ಮೇಲಧಿಕಾರಿಗಳ ಮುಂದೆ ನಿಂತರು. “ಬಸ್ ಸ್ಟಾಪಲ್ಲಿ ಟೇಬಲ್ ಹಾಕ್ತೀನಿ ಸಾರ್.” “ಅದು ಯಾವ ನಿಯಮದಲ್ಲಿದೆ ಮೇಡಂ?” “ಗೊತ್ತಿಲ್ಲ ಸಾರ್. ಹಾಕಬಾರದು ಅಂತ ಎಲ್ಲಾದ್ರೂ ಇದೆಯಾ?” ಸಾಹೇಬರು ನಿಜವಾಗಿಯೂ ಹುಡುಕಿಸಿದರು. ಸಿಗಲಿಲ್ಲ. ಅವರೂ ಇಲ್ಲೇ ಕೂತಿದ್ದಾರೆ, ನಗುತ್ತಿದ್ದಾರೆ.

ಹೀಗೆ ಒಂದು ಸಂಜೆ ಮೇಜಿನ ಒಂದು ತುದಿ ಅವರು, ಇನ್ನೊಂದು ತುದಿ ನಾನು ಹಿಡಿದು ಜಾಲಹಳ್ಳಿ ಕ್ರಾಸಿನಲ್ಲಿ ಇಳಿದೆವು. ಮೊದಲು ಸಿಕ್ಕವರು ಮಲಕವ್ವ. ಬಟ್ಟೆ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುತ್ತಿದ್ದವರು. ಗಂಟುಮೂಟೆಯ ಮೇಲೆ ಕೂತು ಬಸ್ಸಿಗೆ ಕಾಯುತ್ತಿದ್ದರು.

“ಅಕ್ಕ, ಇಎಸ್‌ಐ ಕಾರ್ಡ್ ಇದೆಯಾ?”

“ಐತ್ರಿ. ಆದ್ರ ನಾ ಆರಾಮ ಅದೀನ್ರಿ ಮೇಡಂ. ದವಾಖಾನಿ ಯಾಕ?”

ಇಎಸ್‌ಐ ಎಂದರೆ ಆಸ್ಪತ್ರೆ. ಅಷ್ಟೇ ಅವರಿಗೆ ಗೊತ್ತಿದ್ದದ್ದು. ಜ್ಯೋತಿಲಕ್ಷ್ಮಿ ಗಂಟಿನ ಪಕ್ಕ ನೆಲದ ಮೇಲೇ ಕೂತರು. ಯೋಜನೆ ಏನು, ಯಾರಿಗೆ ಸಿಗುತ್ತದೆ, ಎಲ್ಲ ಹೇಳಿದರು. ಮಲಕವ್ವ ಕೇಳಿಸಿಕೊಂಡು, “ಇದನ್ನ ಮೊದಲ ಯಾಕ ಯಾರೂ ಹೇಳಲಿಲ್ರಿ?” ಎಂದರು.

“ನಾನೂ ಅದನ್ನೇ ಹುಡುಕ್ತಿದೀನಿ ಅಕ್ಕ.”

ಬಸ್ ಬಂತು. ಮಲಕವ್ವ ಹತ್ತಲಿಲ್ಲ. ಮೊದಲಿದ್ದ ಬೈರಮ್ಮನ ರೂಮಿಗೇ ಮರಳಿ, ಆ ಭತ್ಯೆಯಲ್ಲಿ ದಿನ ದೂಡಿ, ಅತ್ತಿಬೆಲೆಯ ಪ್ಯಾಕಿಂಗ್ ಘಟಕದಲ್ಲಿ ಕೆಲಸ ಹಿಡಿದರು. ಆ ತಿಂಗಳೆಲ್ಲ ಸಂಜೆಗೊಂದಿಬ್ಬರು ಹೀಗೆ ಬಸ್ ಬಿಟ್ಟು ಹಿಂದಿರುಗಿದರು. ಹಲವರು ಕೇಳಿಸಿಕೊಂಡೂ ಹತ್ತಿ ಹೋದರು — ಅವರಿಗೂ ಅವರದೇ ಕಾರಣಗಳಿದ್ದವು. ಈಗ ಕಾರ್ಖಾನೆ ಮುಚ್ಚುವ ಸುದ್ದಿ ಬಂದರೆ, ಕೆಲಸದ ಕೊನೆಯ ದಿನಕ್ಕೆ ಮೊದಲೇ ನಾವು ಅದರ ಗೇಟಿಗೆ ಹೋಗುತ್ತೇವೆ. ಅದು ಜ್ಯೋತಿಲಕ್ಷ್ಮಿಯವರು ಹಾಕಿಕೊಟ್ಟ ದಾರಿ.

ಇನ್ನೊಂದು ಸಂಗತಿ ಹೇಳಿ ಮುಗಿಸುತ್ತೇನೆ. ಒಂದು ಸಂಜೆ ಸೋಮಪ್ಪ ಎಂಬ ಗಾರೆ ಕೆಲಸದವರು ಮೇಜಿನ ಮುಂದೆ ನಿಂತರು. ವೈಟ್‌ಫೀಲ್ಡಿನಲ್ಲಿ ಅವರು ಕಟ್ಟುತ್ತಿದ್ದ ಕಟ್ಟಡ ಅರ್ಧಕ್ಕೆ ನಿಂತಿತ್ತು. ಇಎಸ್‌ಐ ಇಲ್ಲ, ಯಾವ ಕಾರ್ಡೂ ಇಲ್ಲ, ಮೇಸ್ತ್ರಿ ಫೋನ್ ಎತ್ತುತ್ತಿಲ್ಲ. “ನಮ್ಮಂಥೋರಿಗೆ ಏನ್ ಐತ್ರಿ ಮೇಡಂ?”

ಇನ್ನು ಮುಂದಕ್ಕಾದರೂ ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ನೋಂದಣಿ ಮಾಡಿಸಿ ಎಂದು ಹೇಳಬಹುದಿತ್ತು. ಆಮೇಲೆ ಹೇಳಿದರು ಕೂಡ. ಆದರೆ ಸೋಮಪ್ಪನವರು ಕೇಳಿದ್ದು ಆ ಸಂಜೆಯ ಬಗ್ಗೆ. ಆ ಸಂಜೆಗೆ ನಮ್ಮ ಮೇಜಿನ ಮೇಲೆ ಏನೂ ಇರಲಿಲ್ಲ. ಜ್ಯೋತಿಲಕ್ಷ್ಮಿ ಸುಳ್ಳು ಸಮಾಧಾನ ಹೇಳಲಿಲ್ಲ. ಎದ್ದು ನಿಂತರು — ಅಷ್ಟೇ. ಬಸ್ ಹೊರಡುವ ತನಕ ಸೋಮಪ್ಪನವರ ಜೊತೆ ನಿಂತೇ ಇದ್ದರು. ನನಗೆ ಗೊತ್ತಿರುವಂತೆ ಅವರು ಒಂದೂ ಪ್ರಶ್ನೆ ಕೇಳದೆ ಇದ್ದದ್ದು ಅದೊಂದೇ ಸಲ.

ಕಾಯಿಲೆ ಅವರನ್ನು ಬೇಗ ಕರೆದುಕೊಂಡು ಹೋಯಿತು. ಸೋಮಪ್ಪನವರಿಗೆ ಕೊಡಬೇಕಾದ ಉತ್ತರ ಬಾಕಿ ಇದೆ. ನಾಳೆ ಕಚೇರಿ ತೆರೆದಾಗ ಅದು ನಮ್ಮ ಕೆಲಸ.

ಈಗ — ನಿಲ್ಲಲು ಆಗುವವರೆಲ್ಲ ದಯವಿಟ್ಟು ಏಳಿ. ಹನುಮಂತರಾಯಪ್ಪನವರೇ, ನೀವು ಕೂತಿರಿ. ಅವರು ಆ ಸಂಜೆ ನಿಂತಂತೆ, ಅವರಿಗಾಗಿ, ಸ್ವಲ್ಪ ಹೊತ್ತು ಮಾತಿಲ್ಲದೆ ನಿಲ್ಲೋಣ.