ಒಂದೇ ಬೆಂಚು

ಗ್ರಾಟ್ಸ್ ಊರಿನಲ್ಲಿ ಅಂದು ಮಧ್ಯಾಹ್ನದಿಂದಲೇ ಮಳೆ ಹಿಡಿದಿತ್ತು. ಪಿಯಾನೊ ರಿಪೇರಿ ಅಂಗಡಿಯಲ್ಲಿ ಹಚ್ಚಿದ ಅಂಟು ಒಣಗುವ ಲಕ್ಷಣವಿರಲಿಲ್ಲ. ಕೆಲಸದವರು ಮೂವರೂ ಕಾಫಿ ಹಿಡಿದು ಒಲೆಯ ಸುತ್ತ ಕೂತರು.

“ಯಜಮಾನ್ರೇ, ನಿಮ್ಮ ಕೈಗೂ ಬಗ್ಗದ ಪಿಯಾನೊ ಇತ್ತಾ?” ಗೆರ್ಲಿಂಡೆ ಕೆಣಕಿದಳು.

ಎಪ್ಪತ್ತೆಂಟರ ಆಲೋಯ್ಸ್ ಲೋಟ ಕೆಳಗಿಟ್ಟ.

“ಒಂದಿತ್ತು... ಹೆರ್ಮಿನೆ ಅಮ್ಮನವರದ್ದು. ಅವರೂ ತಂಗಿ ಲೋರೆಯೂ ಒಂದೇ ಬೆಂಚಲ್ಲಿ ಕೂತು ನಲವತ್ತು ವರ್ಷ ನುಡಿಸಿದೋರು. ಅಕ್ಕ ಎಡಗಡೆ, ತಂಗಿ ಬಲಗಡೆ. ತಂಗಿ ತೀರಿಕೊಂಡ್ಮೇಲೆ ಅಕ್ಕ ಒಬ್ಬರೇ ಸಂಗೀತ ಕಚೇರಿ ಕೊಡೋಕೆ ಒಪ್ಕೊಂಡ್ರು. ಆದ್ರೆ ಕೀ ಒತ್ತಿದ್ರೆ ಕಲ್ಲು ಒತ್ತಿದಂಗೆ. ಮಣಿಕಟ್ಟು ಊದಿತ್ತು, ಕಚೇರಿಗೆ ಮೂರೇ ವಾರ.

“ಒಂದೊಂದು ಕೀ ಮೇಲೂ ಸಣ್ಣ ತೂಕದ ಬೊಟ್ಟು ಇಟ್ಟು ನೋಡಿದೆ. ಐವತ್ತು ಗ್ರಾಮಿಗೆ ಇಳೀಬೇಕಾದ್ದು ಎಪ್ಪತ್ತಕ್ಕೂ ಇಳೀತಿಲ್ಲ. ಥಂಡಿಗೆ ಕೀಲುಗಳ ಉಣ್ಣೆಬಟ್ಟೆ ಊದಿ ಬಿಗಿಯಾಗಿತ್ತು. ಬಿಚ್ಚಿ, ಸಡಿಲ ಮಾಡಿ, ಪಿನ್ನೆಲ್ಲ ಬದಲಾಯಿಸೋಕೆ ನಾಲ್ಕು ದಿನ ಹಿಡೀತು. ಎಂಬತ್ತೆಂಟು ಕೀಗಳೂ ಸರಿಹೋದವು. ಆಮೇಲೆ ಅವರು ಬಂದು ಬೆಂಚಿನ ನಡುವೆ ಕೂತ್ರು ನೋಡಿ... ಬಲಗಡೆ ಐದು ಕೀ ಮತ್ತೆ ಭಾರ. ತೊಂಬತ್ತು ಗ್ರಾಮು!

“ಬಿಗಿಯಿದ್ರೆ ಒತ್ತಿದ ಕೀ ಮೇಲೇಳೋದೂ ನಿಧಾನ ಆಗ್ಬೇಕಲ್ವಾ? ಇವು ಚಟಕ್ಕನೆ ಏಳ್ತಿದ್ವು. ಅಂದ್ರೇನು? ಕೀ ಅನ್ನೋದು ಏತದ ಹಾಗೆ. ಒಳಗಿನ ತುದಿ ಮೇಲೆ ಏನೋ ಕೂತು ಅದುಮ್ತಿದೆ. ಟಾರ್ಚ್ ಹಾಕಿ ನೋಡಿದೆ, ಏನೂ ಇಲ್ಲ. ಐದು ಕೀ, ಒಂದರ ಪಕ್ಕ ಒಂದು... ಒಂದು ಅಂಗೈ ಅಗಲ.

“ನಾನು ಇಂಥದ್ದೆಲ್ಲ ನಂಬೋನಲ್ಲ. ಆದ್ರೂ ಬಾಯಿಗೆ ಬಂತು: ‘ಅಮ್ಮಾ, ಸ್ವಲ್ಪ ಎಡಕ್ಕೆ ಜರುಗಿ.’ ಅವರ ಮುಖ ಬಿಳಿಚಿಕೊಂಡಿತು. ‘ಕೊನೇ ಸಲ ಲೋರೆಗೆ ನಾನೇ ಹೇಳಿದ್ದೆ ರೀ, ಎದ್ದು ಹೋಗು, ನಿನ್ನಿಂದ ತಾಳ ಕೆಡುತ್ತೆ ಅಂತ’ ಅಂದ್ರು. ಜರುಗಿದ್ರು. ತೂಗಿದೆ... ಐವತ್ತು. ಕಚೇರೀಲೂ ಅರ್ಧ ಬೆಂಚು ಬಿಟ್ಟೇ ಕೂತ್ರು. ಚೆನ್ನಾಗಿ ನುಡಿಸಿದ್ರು.

“ಈಗ ಅವರೂ ಇಲ್ಲ, ಹೋಗಿ ಒಂಬತ್ತು ವರ್ಷ. ಪಿಯಾನೊ ನದಿಯಾಚೆ ಒಬ್ಬ ಹಲ್ಲಿನ ಡಾಕ್ಟರ ಮನೇಲಿದೆ. ಕೀ ಭಾರ ಅಂತ ಹೋದವಾರ ಕರೆಸಿದ್ರು. ಬಲಗಡೆ ಜಾಗ ಬಿಟ್ಟು ಕೂತೆ. ಎಡಗಡೆ ಭಾರ ಆಯ್ತು. ಎಡಗಡೆ ಬಿಟ್ಟೆ... ಬಲಗಡೆ.”

“ಮತ್ತೇನು ಮಾಡಿದ್ರಿ?” ಗೆರ್ಲಿಂಡೆಯ ದನಿ ತಗ್ಗಿತ್ತು.

“ಎದ್ದು ನಿಂತೆ. ನಿಂತ್ಕೊಂಡೇ ತೂಗಿದೆ, ಎಲ್ಲಾ ಐವತ್ತು. ನಾಳೆ ಬೆಳಿಗ್ಗೆ ಡಾಕ್ಟರ ಮಗಳು ಪಾಠಕ್ಕೆ ಕೂರ್ತಾಳಂತೆ... ಆ ಬೆಂಚಲ್ಲಿ ಜಾಗ ಇಲ್ಲ ಅಂತ ಆ ಮಗೂಗೆ ಹೇಳೋರು ಯಾರು?”